ಎರಿಕ್ ಡಾಲ್ಫಿ, ಫೈವ್ ಸ್ಪಾಟ್ ಲೈವ್: ಪಿಯಾನೋ ಬೇಸುರವೋ, ಫೈಲೇ ಕೆಟ್ಟಿದೆಯೋ?

ಕಾಳಿತೀರ (ಕಾರವಾರ):
ಹಿಂದುಸ್ತಾನಿಗೆ ಪಳಗಿದ ಕಿವಿ, ಜಾಝ್ ಹೊಸತು. ಅಮೆರಿಕದ ಜಾಝ್ ವಾದಕ ಡಾಲ್ಫಿ 1961ರ ಜುಲೈ 16ರಂದು ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಕೇಳ್ತಾ ಇದ್ದೇನೆ. ‘ಫೈರ್ ವಾಲ್ಟ್ಜ್’ನಲ್ಲಿ ಪಿಯಾನೋ ಶ್ರುತಿ ತಪ್ಪಿದ ಹಾಗಿದೆ. ಫೈಲಿನ ದೋಷವಾ? ಮತ್ತೆ, ಡಾಲ್ಫಿಯ ಯಾವ ವಾದ್ಯ ಎಲ್ಲಿ ಬರ್ತದೆ, ಯಾವ ಕ್ರಮದಲ್ಲಿ ಕೇಳಬೇಕು?

ಅಘನಾಶಿನಿ (ಕುಮಟಾ):
ಫೈಲ್ ಸರಿ ಇದೆ ಮಾರಾಯ್ರೆ, ಆ ಕ್ಲಬ್ಬಿನ ಪಿಯಾನೋನೇ ಹಾಗೆ. ವೇಗದ ದೋಷವಾಗಿದ್ದರೆ ಟ್ರಂಪೆಟ್, ಸ್ಯಾಕ್ಸೋಫೋನ್, ಬಾಸ್ (ಡಬಲ್ ಬಾಸ್, ಕೆಳಸ್ವರದ ದೊಡ್ಡ ತಂತಿವಾದ್ಯ) ಎಲ್ಲವೂ ಒಟ್ಟಿಗೇ ಏರ್ತಿದ್ದವು ಇಲ್ಲ ಇಳೀತಿದ್ದವು. ಇಲ್ಲಿ ಪಿಯಾನೋ ಒಂದೇ ಉಳಿದವರ ಜೊತೆ ಕೂಡುವುದಿಲ್ಲ. ಪಿಯಾನೋದ ನಡುವಿನ ಮತ್ತು ಮೇಲಿನ ಸ್ವರಗಳಿಗೆ ತಲಾ ಮೂರು ತಂತಿ. ಒಂದು ಸಡಿಲಾದರೂ ಸಾಕು, ಸ್ವರ ಅಲೆಅಲೆಯಾಗಿ ನಡುಗ್ತದೆ. ಈಕ್ವಲೈಜರ್ ತಿರುಗಿಸಿ ಅದು ಸರಿಹೋಗುವುದಲ್ಲ. ಮಾಲ್ ವಾಲ್ಡ್ರನ್ ಆ ಪಿಯಾನೋದಲ್ಲೇ ಚಿಕ್ಕ ತುಣುಕೊಂದನ್ನು ಹಿಡಿದು ಮತ್ತೆ ಮತ್ತೆ ಬಡಿದು ಸೋಲೋ ಕಟ್ಟುತ್ತಾರೆ. ಆ ಹಟ ಅದ್ಭುತ.

ಮಾರಿಗುಡಿ ಬೀದಿ (ಶಿರಸಿ):
‘ಫೈರ್ ವಾಲ್ಟ್ಜ್’ ಮತ್ತು 21 ನಿಮಿಷದ ‘ದಿ ಪ್ರಾಫೆಟ್’ನಲ್ಲಿ ಆಲ್ಟೋ ಸ್ಯಾಕ್ಸೋಫೋನ್. ‘ಬೀ ವ್ಯಾಂಪ್’ನಲ್ಲಿ ಬಾಸ್ ಕ್ಲಾರಿನೆಟ್. ಎರಡನೇ ಸಂಪುಟದ ‘ಲೈಕ್ ಸಮ್‌ವನ್ ಇನ್ ಲವ್’ನಲ್ಲಿ ಕೊಳಲು. ಕೇಳುವ ಕ್ರಮವೂ ಇದೇ ಇರಲಿ, ‘ದಿ ಪ್ರಾಫೆಟ್’ ಮಾತ್ರ ಕೊನೆಗೆ. ಅದರ ಆರಂಭದಲ್ಲಿ ಆಲ್ಟೋ, ಟ್ರಂಪೆಟ್ ಎರಡೂ ಬೇಕೆಂದೇ ಒಂದಕ್ಕೊಂದು ಉಜ್ಜುವ ಸ್ವರ ಹಿಡೀತವೆ. ಹೊಸ ಕಿವಿಗೆ ಅದೂ ಪಿಯಾನೋದ ಬೇಸುರದ ಜೊತೆಗೇ ಸೇರಿಹೋಗ್ತದೆ.

ಬಾಸ್ ಕ್ಲಾರಿನೆಟ್ ಮೇಲೆ ಗಮನ ಇಡಿ. ಸ್ಯಾಕ್ಸೋಫೋನಿನ ಕೊಳವೆ ಶಂಕುವಿನ ಆಕಾರ, ಮೇಲಿನ ಸ್ಥಾಯಿಗೆ ಹೋದರೆ ‘ಸಾ’ದಿಂದ ಮೇಲಿನ ‘ಸಾ’ಕ್ಕೆ ಹಾರ್ತದೆ. ಕ್ಲಾರಿನೆಟ್ಟಿನದು ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ಅಗಲ, ‘ಸಾ’ದಿಂದ ಮೇಲಿನ ಸಪ್ತಕದ ‘ಪ’ಕ್ಕೆ ಹಾರ್ತದೆ. ಅಲ್ಲಿಯೇ ಬಣ್ಣವೂ ಬದಲಾಗ್ತದೆ: ಕೆಳಗೆ ಮರದ ಗುಡುಗು, ಮೇಲೆ ಕೂಗು. ಡಾಲ್ಫಿ ಆ ಗಡಿಯನ್ನು ಮರೆಮಾಚುವುದಿಲ್ಲ, ಒಂದೇ ಉಸಿರಿನಲ್ಲಿ ಅತ್ತಿತ್ತ ಜಿಗಿಯುತ್ತಾರೆ.

ಕಾಳಿತೀರ:
ಸೋಲೋ ಶುರುವಾದ ಮೇಲೆ ಸಮ್ (ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆ) ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ‘ಬೀ ವ್ಯಾಂಪ್’ ಅಂತೂ ಪೂರ್ತಿ ಕೈಬಿಟ್ಟು ಹೋಗ್ತದೆ.

ಅಘನಾಶಿನಿ:
ಹಾಗಾದರೆ ಶಿರಸಿಯವರ ಕ್ರಮ ಬೇಡ, ‘ಲೈಕ್ ಸಮ್‌ವನ್ ಇನ್ ಲವ್’ನಿಂದಲೇ ಹಿಡೀರಿ. ಅದು 32 ಬಾರ್‌ಗಳ (ತಾಳದ ಸಮಾನ ತುಂಡುಗಳ) ಸುತ್ತು. ತಿಹಾಯಿ (ಮೂರು ಸಲ ನುಡಿದು ಸಮ್ ಮೇಲೆ ನಿಲ್ಲುವ ತುಣುಕು) ಬಂದು ಸಮ್ ತೋರಿಸ್ತದೆ ಅಂತ ಕಾಯಬೇಡಿ. ಹಿಂದೆ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಅದೇ ಅನುಕ್ರಮದಲ್ಲಿ ತಿರುಗ್ತಾ ಇರ್ತವೆ. ಕೊಳಲು ಬಿಟ್ಟು ರಿಚರ್ಡ್ ಡೇವಿಸ್ ಅವರ ಬಾಸ್ ಒಂದನ್ನೇ ಹಿಂಬಾಲಿಸಿ, ಸುತ್ತು ಎಲ್ಲಿ ಮುಗೀತದೆ ಅಂತ ಅದೇ ಹೇಳ್ತದೆ. ಆಮೇಲೆ ಎಡ್ ಬ್ಲ್ಯಾಕ್‌ವೆಲ್ ಡ್ರಮ್ಸ್, ಕೊನೆಗೆ ಬುಕರ್ ಲಿಟ್ಲ್ ಟ್ರಂಪೆಟ್. ಲಿಟ್ಲ್‌ಗೆ ಆಗ 23 ವರ್ಷ, ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ಸ್ವರದ ದುಂಡುತನ ಕೇಳದೆ ಈ ಆಲ್ಬಮ್ ಮುಗಿಸಬೇಡಿ.

ಮಾರಿಗುಡಿ ಬೀದಿ:
ಬಾಸ್ ಹಿಂಬಾಲಿಸಬೇಕಾದರೆ ಫೋನಿನ ಸ್ಪೀಕರ್ ಆಗುವುದಿಲ್ಲ. ಡಬಲ್ ಬಾಸಿನ ಕೆಳತಂತಿ ಸುಮಾರು 41 ಹರ್ಟ್ಜ್, ಅಷ್ಟು ಸಣ್ಣ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಜುಲೈ ಮಳೆ ತಗಡಿನ ಮೇಲೆ ಬೀಳುವಾಗ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಬೇಕು. ಬಾಸ್ ಬೂಸ್ಟ್ ಆಫ್ ಇರಲಿ, ಇಲ್ಲದಿದ್ದರೆ ಡೇವಿಸ್ ಅವರ ಸ್ವರಗಳು ಒಂದಕ್ಕೊಂದು ಅಂಟಿಕೊಳ್ತವೆ.