ಪಶ್ಚಿಮೋತ್ತಾನಾಸನದ ಬಗ್ಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನೀನು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. ಎರಡು ವರ್ಷ ಬಿಟ್ಟು ಮತ್ತೆ ಪಶ್ಚಿಮೋತ್ತಾನಾಸನಕ್ಕೆ, ಅದೇ ಕಾಲು ಚಾಚಿ ಮುಂದಕ್ಕೆ ಬಾಗುವ ಆಸನಕ್ಕೆ ಕೂತೆ, ಮುಂಚೆ ಕಾಲಿನ ಹೆಬ್ಬೆರಳು ಹಿಡಿಯುತ್ತಿದ್ದೆ, ಈಗ ಕೈ ಮೊಣಕಾಲು ದಾಟುತ್ತಿಲ್ಲ, ತೊಡೆ ಹಿಂದೆ ಎಳೆಯುತ್ತೆ, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಸಂಜೆ ಕ್ಲಾಸಿನ ಮೇಷ್ಟ್ರು ಒತ್ತಿ ಸರಿ ಮಾಡುತ್ತಾರಂತೆ, ಹೋಗಲಾ ಅಂತಲೂ ಕೇಳಿದ್ದೀಯ. ಟೈಪ್ ಮಾಡಿದರೆ ಮುಗಿಯಲ್ಲ, ಮಾತಾಡಿಯೇ ಹೇಳುತ್ತೇನೆ, ಪೂರ್ತಿ ಕೇಳು.

ಯಾರ ಕೈಯಲ್ಲೂ ಬೆನ್ನು ಒತ್ತಿಸಿಕೊಳ್ಳಬೇಡ. ಎಂಥ ದೊಡ್ಡ ಮೇಷ್ಟ್ರೇ ಆಗಲಿ.

ನಿಮ್ಮ ದೊಡ್ಡಪ್ಪನಿಗೆ ಬೈಪಾಸ್ ಆದ ವರ್ಷ ನಾನು ಎಲ್ಲ ಬಿಟ್ಟಿದ್ದೆ, ನಿಮಗೆಲ್ಲ ಗೊತ್ತೇ ಇದೆ. ಅವರು ಓಡಾಡುವ ಹಾಗೆ ಆದ ಮೇಲೆ ಮತ್ತೆ ಕ್ಲಾಸಿಗೆ ಹೋದೆ. ಮೊದಲು ನನ್ನ ಹಣೆ ಮೊಣಕಾಲಿಗೆ ತಾಗುತ್ತಿತ್ತು. ಮೇಷ್ಟ್ರು ಅದನ್ನೇ ನೆನಪಿಟ್ಟುಕೊಂಡಿದ್ದರು. ಬೆಳಗಿನ ಜಾವ, ಮೈ ಇನ್ನೂ ಬಿಸಿ ಆಗಿರಲಿಲ್ಲ. ಇಷ್ಟೇ ಬರುತ್ತೆ ಸಾರ್ ಅಂದೆ. ನೀವು ಹಳಬರು, ಬರುತ್ತೆ ಅಂತ ಹಿಂದಿನಿಂದ ಎರಡೂ ಅಂಗೈ ಇಟ್ಟು ಬೆನ್ನು ಒತ್ತಿಬಿಟ್ಟರು. ಎಡಗಡೆ, ಕೂರುವ ಮೂಳೆ ಹತ್ತಿರ, ಹಳೇ ಬಟ್ಟೆ ಹರಿದ ಹಾಗೆ ಆಯ್ತು. ಸದ್ದು ನನಗೆ ಒಳಗೇ ಕೇಳಿಸಿತು.

ತೊಡೆ ಹಿಂದಿನ ಸ್ನಾಯುಗಳು ಆ ಮೂಳೆಗೇ ಅಂಟಿಕೊಂಡಿರೋದು. ಅಲ್ಲಿಂದ ಮೊಣಕಾಲು ದಾಟಿ ಕೆಳಗಿನವರೆಗೂ ಹೋಗುತ್ತವೆ. ಮಧ್ಯದಲ್ಲಿ ಸ್ವಲ್ಪ ಹಿಡಿದುಕೊಂಡರೆ ಬೇಗ ವಾಸಿಯಾಗುತ್ತೆ. ಅಂಟಿರುವ ತುದಿಗೆ ಪೆಟ್ಟಾದರೆ ಸುಲಭಕ್ಕೆ ವಾಸಿಯಾಗಲ್ಲ, ಅಲ್ಲಿ ರಕ್ತ ಓಡಾಟ ಕಡಿಮೆ. ಅದೂ ಅಲ್ಲದೆ ಕೂತಾಗಲೆಲ್ಲ ಅದೇ ಜಾಗ ಒತ್ತುತ್ತೆ. ಕಾರಿನಲ್ಲಿ ಕೂರೋಕೆ ಆಗಲ್ಲ, ಪೂಜೆಗೆ ಕೂರೋಕೆ ಆಗಲ್ಲ. ಎಷ್ಟೋ ತಿಂಗಳು ನರಳಿದೆ. ಕೊನೆಗೆ ಫಿಸಿಯೋಥೆರಪಿಯ ಹುಡುಗಿ ಎಳೆಯೋದನ್ನೇ ನಿಲ್ಲಿಸಿ ಸೇತುಬಂಧ, ಅಂದರೆ ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವ ಆಸನ ಮಾಡಿಸಿದಳು, ಮೊದಲು ಬಲ ಬರಲಿ ಅಂತ. ಅದರಿಂದಲೇ ಗುಣ ಕಂಡಿದ್ದು. ಅದಕ್ಕೇ ಮತ್ತೆ ಹೇಳುತ್ತೇನೆ, ಬೆನ್ನು ಒತ್ತಿಸಿಕೊಳ್ಳಬೇಡ ಪುಟ್ಟಿ. ಕೈ ಇಡೋಕೆ ಬಂದರೆ ಬೇಡ ಸಾರ್ ಅಂತ ಬಾಯಿಬಿಟ್ಟು ಹೇಳು.

ಆ ಮೇಷ್ಟ್ರು ಆಮೇಲೆ ಒಂದು ಫೋನೂ ಮಾಡಲಿಲ್ಲ. ಹೋಗಲಿ, ಹೊರಗಿನವರು. ನಮ್ಮವರಾದರೂ ಕೇಳಬೇಕಿತ್ತು ಅಲ್ವಾ? ನಂಜನಗೂಡಿನ ಉಪನಯನದಲ್ಲಿ ಎಲ್ಲರನ್ನೂ ನೆಲದ ಪಂಕ್ತಿಯಲ್ಲೇ ಕೂರಿಸಿದರು. ನನಗೆ ಕೂರೋಕೆ ಆಗಲ್ಲ ಅಂತ ಮೊದಲೇ ಹೇಳಿದ್ದೆ. ಒಂದು ಕುರ್ಚಿ, ಒಂದು ಸ್ಟೂಲು ಇಡೋಕೆ ಯಾರಿಗೂ ನೆನಪಾಗಲಿಲ್ಲ. ಅಡುಗೆಯವರು ಸೌಟು ಹಿಡಿದು ಓಡಾಡುವ ಮಧ್ಯೆ, ಗೋಡೆಗೆ ಒರಗಿ ನಿಂತುಕೊಂಡೇ ಹುಳಿಯನ್ನ ತಿಂದೆ. ಮೇಲಿಂದ, ಪಂಕ್ತಿಗೆ ಬರಲಿಲ್ಲ, ಮೈಸೂರಿನವರಿಗೆ ಜಂಬ ಅಂತ ಮಾತು ಬೇರೆ. ಆಡಿದವರು ಈ ಗ್ರೂಪಿನಲ್ಲೇ ಇದ್ದಾರೆ. ನೋವು ಕಣ್ಣಿಗೆ ಕಾಣದಿದ್ದರೆ ನಮ್ಮ ಮನೆಯಲ್ಲಿ ಯಾರೂ ನಂಬಲ್ಲ. ನಿಮ್ಮ ಅಜ್ಜಿಗೆ ಮಂಡಿ ನೋವು ಬಂದಾಗಲೂ ಹೀಗೇ ಆಯ್ತು. ನನಗೆ ಈಗಲೂ ಬೇಜಾರಿದೆ.

ಅಯ್ಯೋ, ನೀನು ಕೇಳಿದ್ದು ಬಿಡಲಾ ಅಂತ. ಬಿಡಬೇಡ. ಕೈ ಮೊಣಕಾಲಿನವರೆಗೆ ಬಂದರೆ ಸದ್ಯಕ್ಕೆ ಅಷ್ಟು ಸಾಕು. ಎದ್ದ ತಕ್ಷಣ ಮಾತ್ರ ಮಾಡಬೇಡ, ಆಗ ಬೆನ್ನಿನ ಡಿಸ್ಕುಗಳಲ್ಲಿ ನೀರು ತುಂಬಿರುತ್ತೆ, ಬಾಗಿದರೆ ಬೆನ್ನಿಗೇ ಭಾರ. ಸಂಜೆ ಹತ್ತು ನಿಮಿಷ ನಡೆದು ಬಂದು ಕೂರು. ಕೂರುವ ಜಾಗದಡಿ ಕಂಬಳಿ ಮಡಚಿ ಇಟ್ಟುಕೋ, ಮೊಣಕಾಲು ಸ್ವಲ್ಪ ಮಡಚಿರಲಿ. ಪಾದಕ್ಕೆ ಹಳೇ ಕಾಟನ್ ಸೀರೆ ಸುತ್ತಿ ಎರಡೂ ತುದಿ ಹಿಡಿದುಕೋ. ಅದರಲ್ಲಿ ನಾಚಿಕೆ ಏನೂ ಇಲ್ಲ. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರರು ಬೆಲ್ಟು, ಕಂಬಳಿ, ಮರದ ತುಂಡು ಕೊಟ್ಟೇ ಪ್ರಪಂಚಕ್ಕೆಲ್ಲ ಆಸನ ಕಲಿಸಿದರು. ಬೆನ್ನು ಗೂನು ಮಾಡಬೇಡ, ಸೊಂಟದಿಂದ ಬಾಗು. 20-30 ಸೆಕೆಂಡು ಉಸಿರಾಡುತ್ತಾ ಇರು, ಜಗ್ಗಬೇಡ. ಮೂರು ಸಲ ಸಾಕು, ದಿನ ಬಿಟ್ಟು ದಿನ. ಜೊತೆಗೆ ಸೇತುಬಂಧವೂ ಇರಲಿ.

ತೊಡೆ ಮಧ್ಯದಲ್ಲಿ ಹದವಾಗಿ ಎಳೆದರೆ ತೊಂದರೆ ಇಲ್ಲ. ಕೂರುವ ಮೂಳೆ ಹತ್ತಿರ ಅಥವಾ ಮೊಣಕಾಲ ಹಿಂದೆ ಚುಚ್ಚಿದರೆ ತಕ್ಷಣ ನಿಲ್ಲಿಸು. ಪಾದದವರೆಗೆ ಜುಮ್ ಅಂದರೆ, ಮರಗಟ್ಟಿದರೆ, ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡ, ಡಾಕ್ಟರ ಹತ್ತಿರ ಹೋಗು. ಭಾನುವಾರ ಊಟ ಆದ ಮೇಲೆ ವಿಡಿಯೋ ಕಾಲ್ ಮಾಡು, ಸೀರೆ ಹೇಗೆ ಸುತ್ತಬೇಕು ಅಂತ ತೋರಿಸುತ್ತೇನೆ.