ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲ, ಷಾರ್ಜಾಕ್ಕೆ ಬರಬಹುದೇ? ಅನುಭವ ಹಂಚಿಕೊಳ್ಳಿ

ಹಾಸನದವನು, ಷಾರ್ಜಾ:
ಜನವರಿಯಲ್ಲಿ ನನ್ನ ಹೆಂಡತಿಗೆ ಹೆರಿಗೆ. ಬಾಣಂತನಕ್ಕೆ ಅಮ್ಮನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳಬೇಕಾಗಿದೆ. 2018ರಲ್ಲಿ ಮಾಡಿಸಿದ ಅವರ ಪಾಸ್‌ಪೋರ್ಟ್‌ನಲ್ಲಿ ‘ಕೆಂಪಮ್ಮ’ ಎಂದಷ್ಟೇ ಇದ್ದು, ಸರ್‌ನೇಮ್ ಕಾಲಂ ಖಾಲಿ ಇದೆ. ಕೊನೆಯ ಪುಟದಲ್ಲಿ ಅವರ ತಂದೆಯ, ಅಂದರೆ ನನ್ನ ತಾತನ ಹೆಸರಿದೆ. ಒಂಟಿ ಹೆಸರಿನವರನ್ನು ಯುಎಇ 2022ರ ನವೆಂಬರ್‌ನಿಂದ ಬಿಡುತ್ತಿಲ್ಲ ಎನ್ನುತ್ತಾರೆ. ಪಾಸ್‌ಪೋರ್ಟ್ ಬದಲಿಸಬೇಕೇ, ಹೀಗೆಯೇ ಬರಬಹುದೇ?

ನಿವೃತ್ತ ಮೇಷ್ಟ್ರು, ಮಂಡ್ಯ:
ಬದಲಿಸಿಬಿಡಿ. ನಾನು ಕಳೆದ ವರ್ಷ ಬದಲಿಸಿದೆ. ಶುಲ್ಕ 1,500 ರೂಪಾಯಿ, ನೋಟರಿ ಅಫಿಡವಿಟ್‌ಗೆ 350, ಎರಡು ಪತ್ರಿಕೆಗಳಲ್ಲಿ ಜಾಹೀರಾತಿಗೆ 2,840. ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಆಧಾರ್‌ನಲ್ಲಿ ‘ಗೌಡ’ ಎಂಬುದಕ್ಕೆ ಇಂಗ್ಲಿಷಿನ ಡಬ್ಲ್ಯು ಇದ್ದು, ಜಾಹೀರಾತಿನಲ್ಲಿ ಯು ಅಚ್ಚಾಗಿದ್ದರಿಂದ, ಬೆಳಗಿನ ಜಾವ ಮಂಡ್ಯ ಬಿಟ್ಟು ಟೋಕನ್ ಹಿಡಿದು ಕುಳಿತಿದ್ದ ನನ್ನನ್ನು ಸೇವಾ ಕೇಂದ್ರದವರು ಮಧ್ಯಾಹ್ನ ವಾಪಸ್ ಕಳುಹಿಸಿದರು. ಮತ್ತೆ ಜಾಹೀರಾತು, ಮತ್ತೆ 2,840. ನಾಲ್ಕು ಬಾರಿ ಬೆಂಗಳೂರಿಗೆ ಹೋಗಿಬಂದದ್ದಕ್ಕೆ 1,780. ಒಟ್ಟು 9,310 ರೂಪಾಯಿ. ಚೀಟಿಗಳೆಲ್ಲ ನನ್ನ ಬಳಿ ಇವೆ. ಆದರೂ ಈಗ ನನ್ನ ಹೆಸರನ್ನು ಯಾವ ದೇಶದವನೂ ಪ್ರಶ್ನಿಸುವಂತಿಲ್ಲ.

ಮೈಸೂರಿನವಳು, ಡಲ್ಲಾಸ್:
ಮೇಷ್ಟ್ರು ಹೆಸರು ಸೇರಿಸಿ ಗೆದ್ದಿರಬಹುದು. ನಾನು ಸೇರಿಸಿ ಸೋತವಳು. ಒಂಟಿ ಹೆಸರಿನಲ್ಲಿ ಬಂದ ನನಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಯಿತು, ಅಂದರೆ ಮೊದಲ ಹೆಸರು ತಿಳಿಯದು ಎಂದರ್ಥ. ಬ್ಯಾಂಕಿನವರು, ದಂತವೈದ್ಯರು, ಮಗಳ ಶಾಲೆಯವರು, ಎಲ್ಲರೂ ನನ್ನನ್ನು ‘ಫ್ನು’ ಎಂದೇ ಕರೆದರು. ಬೇಸತ್ತು ಪಾಸ್‌ಪೋರ್ಟ್ ನವೀಕರಿಸುವಾಗ ಗಂಡನ ಹೆಸರನ್ನು ಸರ್‌ನೇಮ್ ಮಾಡಿಸಿದೆ. ಈಗ ಎಂಜಿನಿಯರಿಂಗ್ ಪದವಿಪತ್ರದಲ್ಲಿ ಒಬ್ಬಳು, ಪಾಸ್‌ಪೋರ್ಟ್‌ನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಎಂದು ಪ್ರತಿ ಕೆಲಸದ ಅರ್ಜಿಯಲ್ಲೂ ಪ್ರಮಾಣ ಮಾಡುತ್ತಿದ್ದೇನೆ. ಅಪ್ಪನ ಹೆಸರನ್ನೇ ಇಡಬೇಕಿತ್ತು.

ಬೆಳಗಾವಿಯವ:
ನಮ್ಮ ಕಡೆ ಈ ರಗಳೆಯೇ ಇಲ್ಲ. ಪಾಟೀಲ, ಬಡಿಗೇರ, ಹೂಗಾರ ಎಂದು ಎಲ್ಲರಿಗೂ ಅಡ್ಡಹೆಸರು ಇರುತ್ತದೆ. ಇನಿಷಿಯಲ್ ಕಟ್ಟಿಕೊಂಡು ಕುಳಿತವರಿಗೆ ಇದು ಆಗಲೇಬೇಕಿತ್ತು.

ನಿವೃತ್ತ ಮೇಷ್ಟ್ರು, ಮಂಡ್ಯ:
ಇನಿಷಿಯಲ್‌ನಲ್ಲಿ ನಮ್ಮ ಊರು ಮತ್ತು ತಂದೆ ಇಬ್ಬರೂ ಇದ್ದಾರೆ, ಸ್ವಾಮಿ. ಹಗುರವಾಗಿ ಮಾತಾಡಬೇಡಿ.

ಬೆಳಗಾವಿಯವ:
ಇದ್ದಾರೆ, ಆದರೆ ಪಾಸ್‌ಪೋರ್ಟ್‌ನಲ್ಲಿ ಒಂದೊಂದೇ ಅಕ್ಷರವಾಗಿ ನಿಲ್ಲಲು ಅವರಿಗೆ ಜಾಗವಿಲ್ಲ, ಬಿಡಿಸಿ ಬರೆಯಲೇಬೇಕು. ನಮ್ಮ ಮನೆಯಲ್ಲೂ ಎಲ್ಲ ಸರಿ ಇದೆ ಎಂದಲ್ಲ. ಮೂವರು ಅಣ್ಣತಮ್ಮಂದಿರ ಪಾಸ್‌ಪೋರ್ಟ್‌ಗಳಲ್ಲಿ ಒಂದೇ ಅಡ್ಡಹೆಸರಿಗೆ ಮೂರು ಸ್ಪೆಲ್ಲಿಂಗ್ ಇವೆ. ಅಪ್ಪನ ಆಸ್ತಿಯ ವಿಭಾಗಕ್ಕೆ ಅಣ್ಣ ಮಸ್ಕತ್‌ನಿಂದ ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳುಹಿಸಿದಾಗ ಅದು ಬೆಳಕಿಗೆ ಬಂದಿತು.

ಉಡುಪಿಯವನು, ದುಬೈ:
ಪ್ರಶ್ನೆ ಕೇಳಿದವರು ಕೊನೆಯ ಪುಟದಲ್ಲಿ ತಾತನ ಹೆಸರಿದೆ ಎಂದಿದ್ದನ್ನು ಇಲ್ಲಿ ಯಾರೂ ಓದಿದಂತಿಲ್ಲ. ನಿಯಮ ಹೊರಬಿದ್ದ ಕೆಲವೇ ದಿನಗಳಲ್ಲಿ, ವಿವರಗಳಿರುವ ಎರಡನೆಯ ಪುಟದಲ್ಲಿ (ನಮ್ಮ ಪಾಸ್‌ಪೋರ್ಟ್‌ನಲ್ಲಿ ಅದೇ ಕೊನೆಯ ಪುಟ) ತಂದೆಯ ಹೆಸರು ಅಥವಾ ಮನೆತನದ ಹೆಸರು ಇದ್ದರೆ ಪ್ರವೇಶವಿದೆ ಎಂಬ ಸ್ಪಷ್ಟನೆ ಬಂದಿತು. ರೆಸಿಡೆನ್ಸ್ ವೀಸಾ ಇರುವವರಿಗೆ ಈ ನಿಯಮ ಅನ್ವಯಿಸುವುದೂ ಇಲ್ಲ. ನನ್ನ ಅತ್ತೆ ಒಂಟಿ ಹೆಸರಿನಲ್ಲೇ, ಕೊನೆಯ ಪುಟ ತೋರಿಸಿ ಬಂದರು. ಸುಲಭವಾಗಿ ಬಂದರು ಎನ್ನಲಾರೆ: ಚೆಕ್‌ಇನ್ ಕೌಂಟರಿನ ಹುಡುಗ ಮೊದಲ ಪುಟ ನೋಡಿ ‘ಆಗುವುದಿಲ್ಲ’ ಎಂದವನು, ಆ ಸ್ಪಷ್ಟನೆಯ ಪ್ರತಿ ತೋರಿಸಿದ ಮೇಲೂ ನಲವತ್ತು ನಿಮಿಷ ಅವರನ್ನು ನಿಲ್ಲಿಸಿದ. ಅತ್ತೆ ಚೀಲದಲ್ಲಿದ್ದ ಉಪ್ಪಿನಕಾಯಿಯ ಬಾಟಲಿ ಹಿಡಿದುಕೊಂಡು ಅಳುತ್ತಿದ್ದರಂತೆ. ಏಜೆಂಟನಿಗೆ ಆರು ಸಾವಿರ ಕೊಟ್ಟಿದ್ದೆ. ಆ ಹೊತ್ತಿನಲ್ಲಿ ಅವನ ಫೋನ್ ಸ್ವಿಚ್ ಆಫ್.

ನಿವೃತ್ತ ಮೇಷ್ಟ್ರು, ಮಂಡ್ಯ:
ಅದಕ್ಕೇ ಹೇಳಿದೆ, 9,310 ಕೊಟ್ಟು ಬದಲಿಸಿ ಎಂದು. ನಲವತ್ತು ನಿಮಿಷದ ಅಳುವಿಗೆ ಬೆಲೆ ಎಷ್ಟು?

ಉಡುಪಿಯವನು, ದುಬೈ:
ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಹೀರಾತಿನದು. ಅದರಲ್ಲೂ ಅರ್ಧ ನಿಮ್ಮದೇ ಸ್ಪೆಲ್ಲಿಂಗ್ ತಪ್ಪಿನದು. ಅದನ್ನು ಇವರ ತಾಯಿಯ ತಲೆಗೆ ಕಟ್ಟಬೇಡಿ.

ನಿವೃತ್ತ ಮೇಷ್ಟ್ರು, ಮಂಡ್ಯ:
ತಪ್ಪು ಮುದ್ರಕರದು. ನಾನು ಮೂವತ್ತನಾಲ್ಕು ವರ್ಷ ಮಕ್ಕಳ ಕಾಗುಣಿತ ತಿದ್ದಿದವನು.

ಮೈಸೂರಿನವಳು, ಡಲ್ಲಾಸ್:
ಹಾಸನದವರೇ, ಒಂದು ವೇಳೆ ಸೇರಿಸಿದರೂ ನಿಮ್ಮ ತಂದೆಯ ಹೆಸರೋ ತಾತನ ಹೆಸರೋ ಎಂಬುದನ್ನು ಅಮ್ಮನನ್ನೇ ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ.

ಹಾಸನದವನು, ಷಾರ್ಜಾ:
ಕೇಳಿದೆ. ‘ಅಪ್ಪನ ಹೆಸರು ಇರಲಿ, ನಿಮ್ಮಪ್ಪನ ಹೆಸರು ಬೇಡ’ ಎಂದರು. ಹಾಗೆಯೇ ಬರಲು ತೀರ್ಮಾನಿಸಿದ್ದೇವೆ. ಕೊನೆಯ ಪುಟವನ್ನೂ ವೀಸಾ ಅರ್ಜಿಗೆ ಲಗತ್ತಿಸುತ್ತೇನೆ. ತಾತನ ಹೆಸರು ಕೆಂಪೇಗೌಡ.

ನಿವೃತ್ತ ಮೇಷ್ಟ್ರು, ಮಂಡ್ಯ:
ಡಬ್ಲ್ಯುನೋ ಯುನೋ, ಈಗಲೇ ನೋಡಿಬಿಡಿ.