ಪಯಸ್ವಿನಿಯ ಸ್ವಾಟ್ ಮಾದರಿ: ಬೇಸಿಗೆಯ ನೈಟ್ರೇಟ್ ಅಳತೆಗೆ ಹೊಂದುತ್ತಿಲ್ಲ

ಮುಳ್ಳೇರಿಯ_ತೋಟ: ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ, ಜಲಾನಯನದ ನೀರು ಮತ್ತು ಗೊಬ್ಬರದ ಹರಿವನ್ನು ಲೆಕ್ಕ ಹಾಕುವ ಸ್ವಾಟ್ ಬಳಸಿ, ಕೊಡಗಿನ ಬೆಟ್ಟದಿಂದ ಕಾಸರಗೋಡಿನ ಕಡಲಿನವರೆಗೆ ಪಯಸ್ವಿನಿ ಹೊಳೆಯ ಮಾದರಿ ಕಟ್ಟಿದ್ದೇನೆ. ಮಳೆಗಾಲದ ಹರಿವು ಚೆನ್ನಾಗಿಯೇ ಹೊಂದುತ್ತದೆ. ಆದರೆ ಫೆಬ್ರವರಿಯಿಂದ ಮೇವರೆಗೆ ಮಾದರಿ ತೋರಿಸುವ ನೈಟ್ರೇಟ್ ಪ್ರಯೋಗಾಲಯದ ಅಳತೆಗಿಂತ ಬಹಳ ಹೆಚ್ಚು. ಅಡಿಕೆ ತೋಟಗಳ ಗೊಬ್ಬರವನ್ನು ಎಷ್ಟು ಇಳಿಸಿದರೂ ಅಂತರ ಮುಚ್ಚುತ್ತಿಲ್ಲ. ಸಾಕಾಗಿಹೋಗಿದೆ.

ಬದಿಯಡ್ಕ_ಸುರಂಗ: ದೋಷ ಮಣ್ಣಿನ ನಕ್ಷೆಯದು. ಎಫ್ಎಒದ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ನಕ್ಷೆ 1:50,00,000 ಪ್ರಮಾಣದ್ದು, ಅದರಲ್ಲಿ ನಮ್ಮ ಮುರಕಲ್ಲಿನ ಗುಡ್ಡಗಳ ಗುಣ ಕಾಣಿಸುವುದಿಲ್ಲ. ಬೇಸಿಗೆಯಲ್ಲಿ ಹೊಳೆಗೆ ಬರುವುದು ಗುಡ್ಡ ಹಿಡಿದಿಟ್ಟ ನೀರು. ಅಂತರ್ಜಲ ಎಷ್ಟು ಬೇಗ ಹೊಳೆಗೆ ಇಳಿಯುತ್ತದೆಂದು ಹೇಳುವ ಆಲ್ಫಾ ಗುಣಾಂಕವನ್ನು ಮೊದಲು ತಿದ್ದಿ.

ಕುಂಬಳೆ_ಮಳೆ: ಮಣ್ಣಿಗಿಂತ ಮೊದಲು ಮಳೆ ನೋಡಬೇಕು. ಸ್ವಾಟ್ ಪ್ರತಿ ಉಪಜಲಾನಯನಕ್ಕೂ ಅದರ ನಡುಬಿಂದುವಿಗೆ ಅತ್ಯಂತ ಹತ್ತಿರದ ಮಳೆಮಾಪನ ಕೇಂದ್ರದ ಮಳೆಯನ್ನೇ ಕೊಡುವುದರಿಂದ ಘಟ್ಟದ ಮಳೆಯೂ ಕರಾವಳಿಯ ಮಳೆಯೂ ಅದಲುಬದಲಾಗುವ ಸಂಭವವಿದೆ. ನನ್ನ ಶಿರಿಯಾ ಹೊಳೆಯ ಮಾದರಿಯಲ್ಲಿ ಎತ್ತರಕ್ಕೆ ತಕ್ಕಂತೆ ಮಳೆ ಬದಲಿಸುವ ಎತ್ತರದ ಪಟ್ಟಿಗಳನ್ನು ಸೇರಿಸಿ, ಗುಣಾಂಕಗಳನ್ನು ಅಳತೆಗೆ ಹೊಂದಿಸುವ ಸುಫಿ-2 ವಿಧಾನವನ್ನು ಓಡಿಸುತ್ತೇನೆ, ಫಲಿತಾಂಶ ತೃಪ್ತಿಕರವಾಗಿದೆ.

ಬದಿಯಡ್ಕ_ಸುರಂಗ: ಮಳೆಗಾಲದ ಹರಿವು ಹೊಂದುತ್ತದೆಂದು ಅವರೇ ಬರೆದಿರುವಾಗ ಮಳೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಅಡೂರು_ಹೊಳೆ: ನೀರಿನ ಸ್ಯಾಂಪಲ್ ತೆಗೆದದ್ದು ಎಲ್ಲಿಂದ?

ಮುಳ್ಳೇರಿಯ_ತೋಟ: ಚಂದ್ರಗಿರಿ ಕೋಟೆಯ ಹತ್ತಿರದ ಸೇತುವೆಯಿಂದ.

ಅಡೂರು_ಹೊಳೆ: ಹಾಗಾದರೆ ಗೊಬ್ಬರವನ್ನು ಮುಟ್ಟಬೇಡಿ. ಅಲ್ಲಿ ಬೇಸಿಗೆಯಲ್ಲಿ ಕಡಲ ಭರತದೊಂದಿಗೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲೆಂದೇ ಸೇತುವೆಗಿಂತ ಮೇಲೆ ಬಾವಿಕ್ಕರೆಯಲ್ಲಿ ಅಡ್ಡಗಟ್ಟೆ ಕಟ್ಟಿದ್ದಾರೆ. ಕಡಲ ನೀರು ಬೆರೆತು ನೈಟ್ರೇಟ್ ತೆಳುವಾಗುತ್ತದೆ, ಆದರೆ ಸ್ವಾಟ್‌ಗೆ ನೀರು ಮೇಲಿನಿಂದ ಕೆಳಕ್ಕೆ ಹರಿಯುವುದಷ್ಟೇ ಗೊತ್ತು. ಅದೇ ಸ್ಯಾಂಪಲ್‌ಗಳ ವಿದ್ಯುತ್ ವಾಹಕತೆಯನ್ನು ನೋಡಿ, ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ: ಕಡಲ ನೀರಿನದು ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೋಸೀಮೆನ್ಸ್, ನಮ್ಮ ಸಿಹಿನೀರಿನ ಹೊಳೆಗಳದು ಅದರ ಹತ್ತಿರಕ್ಕೂ ಬರುವುದಿಲ್ಲ. ಹೋಲಿಕೆಯ ಬಿಂದುವನ್ನು ಅಡ್ಡಗಟ್ಟೆಯ ಮೇಲಕ್ಕೆ ಸರಿಸಿ.

ಕುಂಬಳೆ_ಮಳೆ: ಹೊಳೆಯ ಕೆಳಭಾಗಕ್ಕೆ ನೀರಿನ ಗುಣಮಟ್ಟದ ಮಾದರಿಯಾದ ಕ್ವಾಲ್2ಕೆ ಜೋಡಿಸಬಹುದಲ್ಲವೇ?

ಅಡೂರು_ಹೊಳೆ: ಅದು ಸ್ಥಿರ ಹರಿವಿಗೆ ಮಾಡಿದ್ದು, ಭರತ-ಇಳಿತಕ್ಕೆ ತಕ್ಕಂತೆ ದಿಕ್ಕು ಬದಲಿಸುವ ನೀರಿಗೆ ಒಗ್ಗುವುದಿಲ್ಲ. ಅಳಿವೆಯ ಭಾಗವೂ ಬೇಕೆಂದಿದ್ದರೆ ಜಲಚಲನೆಯ ಮಾದರಿಯೊಂದರ ಜೊತೆಗೆ ವಾಸ್ಪ್ ಎಂಬ ನೀರಿನ ಗುಣಮಟ್ಟದ ಮಾದರಿ ಬಳಸಬೇಕು.

ಮುಳ್ಳೇರಿಯ_ತೋಟ: ವಾಹಕತೆಯ ಅಂಕಿಗಳು ವರದಿಯಲ್ಲಿವೆ, ಮಾರ್ಚ್‌ನದು 30,000 ದಾಟಿದೆ. ಆದರೆ ಬಾವಿಕ್ಕರೆಯ ಮೇಲಿನ ಬೇಸಿಗೆಯ ಅಳತೆ ನನ್ನಲ್ಲಿಲ್ಲ. ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬದಿಯಡ್ಕ_ಸುರಂಗ: ಅಳತೆ ಸಿಗುವವರೆಗೆ ಮಣ್ಣಿನ ನಕ್ಷೆಯನ್ನಾದರೂ ಬದಲಿಸಿ.